ಯಾರು ತುಂಬಿದ ಲೋಟ?

ಬೀದಿದೀಪ ಇನ್ನೂ ಆರಿಲ್ಲ. ಬೇಕರಿಯ ಶಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಹೋಗಬೇಕಾದವರು ಬೆನ್ನು ಬಗ್ಗಿಸಿಯೇ ಹೋಗಬೇಕು. ಗಾಜಿನ ಕಪಾಟು ದಾಟಿ, ಒಂದರ ಮೇಲೊಂದು ಪೇರಿಸಿದ ಖಾಲಿ ಟ್ರೇಗಳ ಪಕ್ಕ ಒತ್ತರಿಸಿಕೊಂಡು ನಡೆದರೆ ಒಲೆಯ ಕೋಣೆ. ಅಲ್ಲಿ ತಲೆಗೆ ಬಿಳಿ ಬಟ್ಟೆ ಬಿಗಿದ ಹೆಂಗಸೊಬ್ಬರು ತಕ್ಕಡಿಯ ಮುಂದೆ ನಿಂತಿದ್ದಾರೆ. ಖಾಲಿ ಬೋಗುಣಿ ಇಡುತ್ತಾರೆ, ಅಂಕಿಯನ್ನು ಸೊನ್ನೆಗೆ ತರುತ್ತಾರೆ, ಮೈದಾ ಸುರಿಯುತ್ತಾರೆ. ಕೊನೆಯಲ್ಲಿ ಎರಡು ಬೆರಳಿನಿಂದ ಚೂರೇ ಚೂರು ಹಿಟ್ಟು ವಾಪಸ್ ಎತ್ತುತ್ತಾರೆ. ಆ ಚೂರನ್ನು ಡಬ್ಬಕ್ಕೆ ಉದುರಿಸುವಾಗ ಮುಖದಲ್ಲಿ ಒಂದು ತೃಪ್ತಿ ಕಾಣಿಸುತ್ತದೆ. ಬೇರೆಯವರಲ್ಲಿ ಒಡವೆ ಹಾಕಿಕೊಂಡಾಗ ಕಾಣಿಸುವಂಥದ್ದು.

ಮೈದಾ ಆಯಿತು, ಸಕ್ಕರೆ ಆಯಿತು. ಹಾಲನ್ನೂ ತಕ್ಕಡಿಯ ಮೇಲಿಟ್ಟೇ ಸುರಿದದ್ದಾಯಿತು. ಬೆಣ್ಣೆ, ಈಸ್ಟ್ ಎಲ್ಲ ಕಲಸುವ ಯಂತ್ರದ ಹೊಟ್ಟೆ ಸೇರಿದವು. ಕಡೆಗೆ ಒಂದು ಪುಟ್ಟ ಬಟ್ಟಲಲ್ಲಿ ಉಪ್ಪು ತೂಗಿ, ಅದನ್ನು ಯಂತ್ರಕ್ಕೆ ಹಾಕದೆ ಕಟ್ಟೆಯ ತುದಿಯಲ್ಲಿ ಇಟ್ಟು, ಕೈ ಕಟ್ಟಿ ನಿಲ್ಲುತ್ತಾರೆ. ಒಲೆ ಕಾದಿದೆ. ಒಲೆಯ ಮುಂದೆ ಅವರ ಗಂಡ ಉದ್ದ ಹಿಡಿಕೆಯ ಹಲಗೆ ಹಿಡಿದು ಆಕಳಿಸುತ್ತಿದ್ದಾರೆ. ಯಂತ್ರ ಮಾತ್ರ ತಿರುಗುತ್ತಿಲ್ಲ.

ಯಾಕೆ ಕಾಯುತ್ತಿದ್ದೀರಿ ಎಂದರೆ, "ಅಕ್ಕ ಬರ್ಲಿ" ಎನ್ನುತ್ತಾರೆ. ಹಲ್ಲು ಕಚ್ಚಿಕೊಂಡು ಹೇಳಿದ ಮಾತು ಅದು.

ಅಕ್ಕ ಬರುತ್ತಾರೆ. ಬಲಗೈ ಮೈಗೆ ಅಂಟಿಕೊಂಡಂತೆ ಬಿಗಿಯಾಗಿದೆ, ಚಪ್ಪಲಿ ಎಳೆಯುತ್ತ ನಡೆಯುತ್ತಾರೆ. ತಕ್ಕಡಿಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಎಡಗೈಯಲ್ಲಿ ಬಟ್ಟಲಿನ ಉಪ್ಪು ಹಿಡಿದು ಯಂತ್ರದೊಳಗೆ ಬೀಸುತ್ತಾರೆ. ಬಟ್ಟಲಿನ ತಳದಲ್ಲಿ ಸ್ವಲ್ಪ ಉಳಿದಿದೆ. ಅದನ್ನು ಒಂದು ಕ್ಷಣ ದಿಟ್ಟಿಸಿ, ಏನೋ ಲೆಕ್ಕ ಹಾಕಿದವರಂತೆ, "ಇನ್ನೊಂದು ಚಿಟಿಕೆ ಬೇಕು" ಎಂದು ಬಟ್ಟಲನ್ನೇ ಬೋರಲು ಹಾಕುತ್ತಾರೆ.

"ಹೂಂ, ತಿರುಗಿಸು."

ಯಂತ್ರ ತಿರುಗುತ್ತದೆ. ಶಟರಿನ ಕೆಳಗಿಂದ ಎದುರಂಗಡಿಯ ದರ್ಜಿಯ ತಲೆ ಇಣುಕುತ್ತದೆ. ದಿನದ ಮೊದಲ ಬನ್ನು ಅವರದು.

"ಬನ್ನಿನಕ್ಕಾ, ಕೈ ಬಿತ್ತಾ?"

"ಬಿತ್ತು ಬಿತ್ತು. ಹೋಗಿ ಹೊಲಿ, ಬೆಂದ ಮೇಲೆ ಕರೀತೀನಿ."

ತಕ್ಕಡಿಯ ಮುಂದಿನ ಹೆಂಗಸು ಒರಸಿದ ಕಟ್ಟೆಯನ್ನೇ ಮತ್ತೆ ಒರಸುತ್ತಾರೆ. ಈ ಬರಹ ಇವರ ಬಗ್ಗೆ. ಬನ್ನಿನಕ್ಕನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬರೆದೂ ಆಗಿದೆ.

ಬರೆದದ್ದು ಅಂಗಡಿಯ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಪತ್ರಿಕೆಯ ಅರ್ಧ ಪುಟ. ನಡುವೆ ಬನ್ನಿನಕ್ಕ ಹಿಟ್ಟಿನ ಕೈ ಎತ್ತಿ ನಗುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ 'ಕೈಗುಣದ ಮಹಾತಾಯಿ'. ಚಿತ್ರದ ಬಲ ಅಂಚಿನಲ್ಲಿ ಟ್ರೇ ಹಿಡಿದ ಒಂದು ಮೊಣಕೈ ಮಾತ್ರ ಕಾಣುತ್ತದೆ.

"ಅದು ನಾನು" ಎಂದು ಇವರು ಬೆರಳು ತೋರಿಸುತ್ತಾರೆ. "ನನ್ನ ಮೊಣಕೈ. ಫೋಟೋ ತೆಗೆಯೋನು, ಅಮ್ಮಾ ಸ್ವಲ್ಪ ಆಚೆ ಸರೀರಿ ಅಂದ. ಸರಿದೆ. ಅಷ್ಟೂ ಸರಿದ್ರೂ ಮೊಣಕೈ ಉಳ್ಕೊಂಡ್ಬಿಡ್ತು. ದಿನಾ ಗಾಜು ಒರೆಸೋಳು ನಾನೇ. ಅಕ್ಕನ ಮುಖ ಒರೆಸೋವಾಗ ಸ್ವಲ್ಪ ಜೋರಾಗೇ ಒರೆಸ್ತೀನಿ."

ಇವರಿಬ್ಬರೂ ವಾರಗಿತ್ತಿಯರು. ಬನ್ನಿನಕ್ಕ ಹಿರಿಯ ಸೊಸೆ, ಇವರು ಕಿರಿಯ ಸೊಸೆ. ಬೀದಿಯವರು ಇವರನ್ನು ಕರೆಯುವುದು ತಕ್ಕಡಿಯಮ್ಮ ಎಂದು. ಪ್ರೀತಿಯಿಂದ ಇಟ್ಟ ಹೆಸರಲ್ಲ. ಬನ್ನು ಕೊಳ್ಳಲು ಬಂದವರು "ನಾಲ್ಕು ಲೋಟ ಮೈದಾ ಅಂದ್ರೆ ಎಷ್ಟು ತೂಕ ಬರುತ್ತೆ?" ಎಂದು ಸುಮ್ಮನೆ ಕೇಳಿದರೂ ಇವರು ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ. "ಯಾವ ಲೋಟ? ಯಾರು ತುಂಬಿದ್ದು?" ಎಂದು ತಿರುಗಿ ಕೇಳುತ್ತಾರೆ. ಕೇಳಿದವರಿಗೆ ರೇಗುತ್ತದೆ. ಉತ್ತರ ಬೇಕಾದವನಿಗೆ ಪ್ರಶ್ನೆ ಕೊಟ್ಟರೆ ರೇಗದೆ ಇನ್ನೇನು? ಆದರೆ ಆ ಪ್ರಶ್ನೆಯ ಹಿಂದೆ ಒಬ್ಬ ಹೆಂಗಸಿನ ಅರ್ಧ ಆಯುಸ್ಸಿನ ಹೊಟ್ಟೆಕಿಚ್ಚು ಇದೆ.

ಬೇಕರಿ ಶುರು ಮಾಡಿದ್ದು ಇವರ ಅತ್ತೆ. ಅತ್ತೆಯ ಬಳಿ ಒಂದು ಹಿತ್ತಾಳೆ ಲೋಟ ಇತ್ತು. ಅಂಗಡಿಯ ಅಳತೆಯೆಲ್ಲ ಅದರಲ್ಲೇ. ಹಿರಿಯ ಸೊಸೆ ಮನೆಗೆ ಬಂದಾಗ ಅತ್ತೆ ಆ ಲೋಟವನ್ನು ಅವರ ಕೈಗೆ ಕೊಟ್ಟರು. ಕಿರಿಯ ಸೊಸೆ ಬಂದಾಗ ಕೊಡಲು ಇನ್ನೊಂದು ಲೋಟ ಇರಲಿಲ್ಲ. ಟ್ರೇ ತಿಕ್ಕುವ ಬ್ರಷ್ ಕೊಟ್ಟರು.

"ಅತ್ತೆ ಕೆಟ್ಟೋರಲ್ಲ" ಎನ್ನುತ್ತಾರೆ ತಕ್ಕಡಿಯಮ್ಮ. "ಒಂದು ಲೋಟ ಎರಡು ಕೈಗೆ ಹೋದ್ರೆ ಬನ್ನು ಎರಡು ಥರ ಆಗುತ್ತೆ ಅಂತ ಅವರಿಗೆ ಗೊತ್ತಿತ್ತು. ಅದು ಸರೀನೇ. ಆದ್ರೆ ಸರಿ ಅಂತ ಗೊತ್ತಾದ್ರೆ ಹೊಟ್ಟೆ ಉರಿಯೋದು ನಿಲ್ಲುತ್ತಾ?"

ನಿಲ್ಲಲಿಲ್ಲ. ಬನ್ನು ಚೆನ್ನಾಗಿದೆ ಎಂದವರೆಲ್ಲ ಅಕ್ಕನ ಕೈ ಹೊಗಳುತ್ತಿದ್ದರು. ಟ್ರೇ ಹೊಳೆಯುತ್ತಿದೆ ಎಂದು ಯಾರೂ ಹೇಳಲಿಲ್ಲ. ಅಕ್ಕ ನೆಗಡಿಯಾಗಿ ಮಲಗಿದ ದಿನ ಇವರು ಅದೇ ಲೋಟದಿಂದ, ಅಷ್ಟೇ ಲೋಟ ಎಣಿಸಿ ಹಾಕಿ ಬನ್ನು ಮಾಡಿದರೆ ಗಿರಾಕಿಗಳು ಕಚ್ಚಿ ನೋಡಿ, "ಅಕ್ಕಂಗೆ ಯಾವಾಗ ಹುಷಾರಾಗುತ್ತೆ?" ಎಂದರು. ಬನ್ನಿಗೆ ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಕೈಗುಣ ಎನ್ನುವ ಮಾತೇ ಒಂದು ಸೋಮಾರಿತನ. ಒಬ್ಬಳು ಏನು ಮಾಡುತ್ತಾಳೆ ಎಂದು ನಿಂತು ನೋಡುವ ತಾಳ್ಮೆ ಇಲ್ಲದವರು ಕಟ್ಟಿದ ಮಾತು ಅದು. ತಕ್ಕಡಿಯಮ್ಮ ನಿಂತು ನೋಡಿದವರು. ನೋಡುವಂತೆ ಮಾಡಿದ್ದು ಪ್ರೀತಿಯಲ್ಲ, ಅಸೂಯೆ. ಅಸೂಯೆಗೆ ಕಣ್ಣು ಚುರುಕು.

ಇವರ ತಂದೆ ಗುಜರಿ ಅಂಗಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದವರು. "ಜನ ದೊಡ್ಡ ಡಬ್ಬ ತಂದು ಜಾಸ್ತಿ ದುಡ್ಡು ಕೊಡಿ ಅನ್ನೋರು. ಅಪ್ಪ, ಡಬ್ಬ ದೊಡ್ಡದು ಕಣಪ್ಪಾ, ಒಳಗೆ ಇರೋದು ಗಾಳಿ, ಗಾಳಿಗೆ ನಾನೇನು ಕೊಡ್ಲಿ ಅನ್ನೋರು. ಅದು ನನ್ನ ತಲೇಲಿ ಕೂತಿತ್ತು. ಲೋಟದೊಳಗೂ ಗಾಳಿ ಇರುತ್ತಲ್ಲಾ ಅಂತ ಒಂದಿನ ಹೊಳೀತು. ಅಕ್ಕನ ಲೋಟದಲ್ಲಿ ಎಷ್ಟು ಗಾಳಿ, ನನ್ನ ಲೋಟದಲ್ಲಿ ಎಷ್ಟು ಗಾಳಿ, ಅಷ್ಟೇ ತಾನೇ ವ್ಯತ್ಯಾಸ?"

ಅಷ್ಟೇ ಎಂದು ತಿಳಿದದ್ದು ತಪ್ಪು. ಆ ತಪ್ಪಿನ ಕತೆ ಕೇಳಬೇಕಾದದ್ದು.

ಹತ್ತಿರದ ಆಸ್ಪತ್ರೆಯಿಂದ ದಿನವೂ ಬನ್ನು ಬೇಕೆಂದು ಬೇಡಿಕೆ ಬಂತು. ಕೈಯಲ್ಲಿ ಕಲಸಿ ಪೂರೈಸಲು ಆಗುವಂತಿರಲಿಲ್ಲ. ಮನೆಯ ಗಂಡಸರು ಕಲಸುವ ಯಂತ್ರ ತಂದು ನಿಲ್ಲಿಸಿದರು. ಯಂತ್ರಕ್ಕೆ ಒಂದೇ ಸಲಕ್ಕೆ ಅರ್ಧ ಮೂಟೆ ಹಿಟ್ಟು ಬೇಕು. ಲೋಟದಿಂದ ಅರ್ಧ ಮೂಟೆ ಎಣಿಸುತ್ತ ಕೂತರೆ ನಡುವೆ ಯಾರಾದರೂ ಮಾತಾಡಿಸಿದರೂ ಲೆಕ್ಕ ತಪ್ಪುತ್ತಿತ್ತು. "ತೂಕಕ್ಕೆ ತಿರುಗಿಸೋಣ, ನಾನು ಮಾಡ್ತೀನಿ" ಎಂದು ಕಿರಿಯ ಸೊಸೆ ಮುಂದೆ ಬಂದರು. ಬ್ರಷ್ ಕೆಳಗಿಡಲು ಸಿಕ್ಕ ಮೊದಲ ಅವಕಾಶ. ಅಕ್ಕನಿಲ್ಲದೆಯೂ ಅಕ್ಕನ ಬನ್ನು ಬರಬೇಕು, ಅದು ಇವರ ಕೆಲಸವೆಂದು ಒಬ್ಬರಾದರೂ ಒಪ್ಪಬೇಕು. ಬೇಕಾಗಿದ್ದದ್ದು ಇಷ್ಟೇ. ತಪ್ಪಿದರೆ ಬ್ರಷ್ ಅಲ್ಲೇ ಕಾಯುತ್ತಿತ್ತು.

ಲೋಟಕ್ಕೆ ಮೈದಾ ತುಂಬಿ, ಚಾಕುವಿನ ಬೆನ್ನಿನಿಂದ ಸಮ ಮಾಡಿ ತೂಗಿದರು. ನೂರಿಪ್ಪತ್ತೈದು ಗ್ರಾಂ ಬಂತು. ಎಷ್ಟು ಲೋಟವೋ ಅಷ್ಟರಿಂದ ಗುಣಿಸಿ ಯಂತ್ರಕ್ಕೆ ಹಾಕಿದರು. ಹಿಟ್ಟು ಕೈಗೆ ಮೆತ್ತಿಕೊಂಡಿತು. ಬನ್ನು ಉಬ್ಬಲಿಲ್ಲ, ಅಗಲಕ್ಕೆ ಹರಡಿಕೊಂಡಿತು.

"ಒಲೆಯಿಂದ ಚಪ್ಪಲಿ ಜೋಡಿ ಆಚೆ ಬಂದಂಗಿತ್ತು" ಎಂದು ಅವರ ಗಂಡ ಒಲೆಯ ಬಳಿಯಿಂದಲೇ ಹೇಳುತ್ತಾರೆ. "ನನ್ನ ಅಳತೆಗೆ ಸರಿಯಾಗಿತ್ತು."

"ನೀವು ಸುಮ್ನೆ ಇರ್ರೀ. ಅವತ್ತು ಹಲ್ಲು ಬಿಟ್ಟಿದ್ದು ಸಾಲ್ದಾ?"

ಅಂದು ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕ. ಅಂದಿನಿಂದ ತಕ್ಕಡಿಯಮ್ಮ ಟ್ರೇ ತಿಕ್ಕುತ್ತಲೇ ಓರೆಗಣ್ಣಲ್ಲಿ ಅಕ್ಕನ ಕೈಯನ್ನೇ ನೋಡತೊಡಗಿದರು. ಅಕ್ಕ ಮೈದಾವನ್ನು ಸುರಿದು ತುಂಬುವುದಿಲ್ಲ, ಲೋಟವನ್ನೇ ಹಿಟ್ಟಿನ ಡಬ್ಬದೊಳಗೆ ಮುಳುಗಿಸುತ್ತಾರೆ. ಎತ್ತಿದ ಮೇಲೆ ಕಟ್ಟೆಗೆ ಎರಡು ಸಲ ಕುಟ್ಟುತ್ತಾರೆ. ಕುಟ್ಟಿದರೆ ಹಿಟ್ಟು ಕೂರುತ್ತದೆ, ಗಾಳಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಮತ್ತೆ ಹಿಟ್ಟು ತುಂಬಿ ಹೆಬ್ಬೆರಳಿನಿಂದ ಸವರುತ್ತಾರೆ. ಸಕ್ಕರೆಯಾದರೆ ಕುಟ್ಟುವುದಿಲ್ಲ, ಗೋಪುರ ಮಾಡುತ್ತಾರೆ. ಹಾಲು ಅಂಚಿಗಿಂತ ಒಂದು ಬೆರಳು ಕೆಳಗೆ. ಬೆಣ್ಣೆಯನ್ನು ಮುಷ್ಟಿಯಿಂದ ಒತ್ತಿ ಒತ್ತಿ ತುಂಬುತ್ತಾರೆ, ಒಳಗೆ ಇರುವೆ ಕೂರಲೂ ಜಾಗವಿರುವುದಿಲ್ಲ.

"ಅಕ್ಕನ ಬಾಯಲ್ಲಿ ಒಂದು ಲೋಟ ಅಂದ್ರೆ ಒಂದಲ್ಲ. ಮೈದಾಗೊಂದು, ಸಕ್ಕರೆಗೊಂದು, ಹಾಲಿಗೊಂದು. ಪಾತ್ರೆ ಒಂದೇ, ಅಳತೆ ಬೇರೆ ಬೇರೆ. ಅದು ಅವಳಿಗೇ ಗೊತ್ತಿರ್ಲಿಲ್ಲ. ಕೇಳಿದ್ರೆ, ಎಲ್ಲಾ ಒಂದೊಂದು ಲೋಟ ಕಣೇ, ಎಣಿಸೋಕೆ ಬರಲ್ವಾ ನಿಂಗೆ ಅನ್ನೋಳು. ಸುಳ್ಳು ಹೇಳ್ತಿರ್ಲಿಲ್ಲ ಪಾಪ."

ಪಾಪ ಎಂದದ್ದು ಈಗ. ಆಗ ಹಾಗೆ ಎನ್ನಿಸಿರಲಿಲ್ಲ.

ಅಕ್ಕ ತುಂಬಿದ ಲೋಟವನ್ನು ಒಮ್ಮೆ ತೂಗಲು ಕೇಳಿದರು. ಅಕ್ಕ ಕೊಡಲಿಲ್ಲ. "ನನ್ನ ಕೈನ ತಕ್ಕಡಿಗೆ ಹಾಕ್ತೀಯಾ? ನಾಳೆ ಆ ಅಂಕಿ ಇಟ್ಕೊಂಡು ದಾರೀಲಿ ಹೋಗೋರೆಲ್ಲಾ ಬನ್ನು ಮಾಡ್ತಾರೆ. ಆಮೇಲೆ ನಾನೇನು ಟ್ರೇ ತಿಕ್ಲಾ?" ಎಂದರು. ಮಾತು ಚುಚ್ಚುವಂಥದ್ದೇ, ಆದರೆ ಅದರೊಳಗೊಂದು ಹೆದರಿಕೆ ಇತ್ತು. ಹೊಟ್ಟೆಕಿಚ್ಚು ಒಂದೇ ಮನೆಯಲ್ಲಿ ಒಬ್ಬರಿಗೇ ಮೀಸಲಾಗಿರುವುದಿಲ್ಲ.

ತಕ್ಕಡಿಯಮ್ಮ ಬೇರೆ ದಾರಿ ಹಿಡಿದರು. ಅಕ್ಕ ಬರುವ ಮೊದಲು ಹಿಟ್ಟಿನ ದೊಡ್ಡ ಡಬ್ಬವನ್ನು ಮೂಟೆ ತೂಗುವ ಕಾಟಾದ ಮೇಲಿಟ್ಟು, ಕಾಟಾಕ್ಕೆ ಗೋಣಿ ಹೊದಿಸಿದರು. ಅಕ್ಕ ಲೋಟ ಮುಳುಗಿಸಿ ಹಿಟ್ಟು ತೆಗೆದು ಹೋದ ಮೇಲೆ ಡಬ್ಬದ ತೂಕ ನೋಡಿದರು. ಎಷ್ಟು ಕಡಿಮೆಯಾಗಿದೆಯೋ ಅಷ್ಟು ಅಕ್ಕನ ಅಳತೆ. "ಲೋಟ ತೂಗಬೇಡ ಅಂದಿದ್ಲು. ಡಬ್ಬ ತೂಗಬೇಡ ಅಂದಿರ್ಲಿಲ್ಲ."

ಆ ತೂಕ ಹಿಡಿದು ಮಾಡಿದ ಬನ್ನು ಕಲ್ಲಾಯಿತು. ಆಸ್ಪತ್ರೆಗೆ ಕಳಿಸಿದ್ದರೆ ಹಲ್ಲಿನ ವಿಭಾಗಕ್ಕೆ ಗಿರಾಕಿ ಸಿಗುತ್ತಿತ್ತು. ತಕ್ಕಡಿಯಮ್ಮನಿಗೆ ತಲೆ ಕೆಟ್ಟಿತು. ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ನಂಬಿ ಬೆಳೆದವರು. ಆಮೇಲೆ ನೋಡಿದರೆ, ಮೂಲೆಯಲ್ಲಿ ಬಾಯಿ ಕಟ್ಟಿಟ್ಟಿದ್ದ ಹಳೆಯ ಮೂಟೆಯ ದಾರ ಬಿಚ್ಚಿದೆ, ಸುತ್ತ ನೆಲದಲ್ಲಿ ಹೊಸ ಹಿಟ್ಟು ಉದುರಿದೆ. ಅಕ್ಕ ಗೋಣಿಯ ಕೆಳಗೆ ಏನಿದೆ ಎಂದು ಮೊದಲೇ ನೋಡಿದ್ದರು. ಡಬ್ಬದಿಂದ ನಾಲ್ಕು ಲೋಟ ಹೆಚ್ಚು ತೆಗೆದು, ಅದನ್ನು ಹಳೆಯ ಮೂಟೆಗೆ ಸುರಿದು, ಏನೂ ಅರಿಯದವರಂತೆ ಹೋಗಿದ್ದರು.

"ಜಗಳ ಆಡಿದ್ರಾ?" ಎಂದು ಕೇಳಿದರೆ ತಕ್ಕಡಿಯಮ್ಮನ ಉತ್ತರ:

"ಏನಂತ ಆಡ್ಲಿ? ನಾನು ಕದೀತಿದ್ದಾಗ ನೀನು ಮೋಸ ಮಾಡ್ದೆ ಅಂತಲಾ?"

ಆ ಕಡೆ ಸ್ಟೂಲಿನ ಮೇಲೆ ಕೂತ ಬನ್ನಿನಕ್ಕ ಮುಖ ತಿರುಗಿಸಿ ನಗುತ್ತಾರೆ. ಭುಜ ಕುಲುಕುವುದರಿಂದ ನಗು ಎಂದು ಗೊತ್ತಾಗುತ್ತದೆ. ಕುಲುಕುವುದು ಎಡ ಭುಜ ಮಾತ್ರ.

ಬಲ ಭುಜ ಕೈಕೊಟ್ಟದ್ದು ಅದೇ ಸುಮಾರಿಗೆ. ಇಷ್ಟು ಕಾಲ ಹಿಟ್ಟು ನಾದಿದ ತೋಳು ಒಂದು ಬೆಳಿಗ್ಗೆ ಲೋಟ ಎತ್ತಲಿಲ್ಲ. ಅಕ್ಕ ಎಡಗೈಗೆ ಬದಲಾಯಿಸಿಕೊಂಡರು. ಎಡಗೈಗೆ ಕುಟ್ಟುವುದು ಒಗ್ಗಲಿಲ್ಲ, ಮುಳುಗಿಸಿದರೆ ಲೋಟ ಓರೆಯಾಯಿತು. ಬನ್ನು ದಿನಕ್ಕೊಂದು ಥರ ಬಂತು. ದರ್ಜಿ ಬನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವತ್ತು ತಕ್ಕಡಿಯಮ್ಮ ಮಾಡಿದ್ದಾ?" ಎಂದರು. ಮಾಡಿದ್ದು ಅಕ್ಕ. ಒಳಗೆ ನಿಂತು ಅದನ್ನು ಕೇಳಿದವರೂ ಅಕ್ಕ.

ತಕ್ಕಡಿಯಮ್ಮ ಒಪ್ಪಿಕೊಳ್ಳುತ್ತಾರೆ: "ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ, ಬಾಯಿ ಮುಚ್ಕೊಂಡು ಹಿತ್ತಲಿಗೆ ಹೋಗಿ ನಿಂತ್ಕೊಂಡೆ. ಆಮೇಲೆ ಒಳಗೆ ಬಂದ್ರೆ ಅಕ್ಕ ನನ್ನ ತಕ್ಕಡಿ ಮುಂದೆ ನಿಂತಿದ್ದಾಳೆ."

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಕ್ಕ ತಮ್ಮ ಗಂಡನಿಂದ ಬಲಗೈಯನ್ನು ಹಿಡಿಸಿಕೊಂಡು, ಹಲ್ಲು ಕಚ್ಚಿ, ಲೋಟ ಮುಳುಗಿಸಿ, ಎರಡು ಸಲ ಕುಟ್ಟಿ, ಸವರಿ, ತಂದು ತಕ್ಕಡಿಯ ಮೇಲೆ ಇಟ್ಟಿದ್ದರು.

"ತೂಗು."

ಮೈದಾ ನೂರ ಅರವತ್ತು ಗ್ರಾಂ. ತಕ್ಕಡಿಯಮ್ಮ ತಾವು ತುಂಬಿದಾಗ ನೂರಿಪ್ಪತ್ತೈದು ಬಂದದ್ದು ನೆನೆಸಿಕೊಂಡರು. ಲೋಟಕ್ಕೆ ಮೂವತ್ತೈದು ಗ್ರಾಂ ವ್ಯತ್ಯಾಸ. ಜನ ಇಷ್ಟು ವರ್ಷ ಕೈಗುಣ ಎಂದು ಕರೆದದ್ದು ಈ ಮೂವತ್ತೈದು ಗ್ರಾಂ ತೂಕವನ್ನು. ಸಕ್ಕರೆ, ಹಾಲು, ಬೆಣ್ಣೆ ಒಂದೊಂದಾಗಿ ತಕ್ಕಡಿ ಏರಿದವು.

ನನಗೋಸ್ಕರ ಕೊಟ್ಟಳು ಎಂದು ತಿಳಿಯಬೇಡಿ ಎನ್ನುತ್ತಾರೆ ತಕ್ಕಡಿಯಮ್ಮ. ಅದಕ್ಕೆ ಅಕ್ಕನೇ ಸ್ಟೂಲಿನಿಂದ ಉತ್ತರ ಕೊಡುತ್ತಾರೆ: "ಇವಳಿಗ್ಯಾಕೆ ಕೊಡ್ಲಿ? ನನ್ನ ಹೆಸರಲ್ಲಿ ಕೆಟ್ಟ ಬನ್ನು ಬೀದಿಗೆ ಹೋಗಬಾರದು ಅಂತ ಕೊಟ್ಟೆ. ಉಪ್ಪು ಮಾತ್ರ ಕೊಡ್ಲಿಲ್ಲ. ಅದು ನಾನೇ ಹಾಕೋದು."

ಉಪ್ಪಿನ ತೂಕ ತಕ್ಕಡಿಯಮ್ಮನಿಗೆ ಗೊತ್ತಿಲ್ಲದೆ ಇಲ್ಲ. ಉಪ್ಪಿನ ಡಬ್ಬವನ್ನೂ ಮೊದಲೇ ತೂಗಿ ಆಗಿತ್ತು. ಅಕ್ಕನ ಗಮನ ಮೈದಾದ ಮೇಲಿತ್ತು. ಹರಳುಪ್ಪಾದರೆ ಒಂದು ಹಿಡಿಗೆ ಒಂದು ತೂಕ, ಪುಡಿ ಉಪ್ಪಾದರೆ ಅದೇ ಹಿಡಿಗೆ ಇನ್ನೊಂದು ತೂಕ ಎಂಬುದನ್ನೂ ಲೆಕ್ಕ ಹಾಕಿದ್ದರು. ಆದರೂ ಬಾಯಿ ಬಿಡಲಿಲ್ಲ. ಹದವಾದಷ್ಟು ಉಪ್ಪು ತೂಗಿ ಬಟ್ಟಲಿಗೆ ಹಾಕಿ, ಅಕ್ಕ ಬರುವವರೆಗೆ ಯಂತ್ರ ನಿಲ್ಲಿಸಿ ಕಾಯುವ ಪದ್ಧತಿ ಅಂದಿನಿಂದ ಶುರುವಾಯಿತು. ಅಕ್ಕ ಪ್ರತಿದಿನ ಹಿಡಿ ಹಾಕುತ್ತಾರೆ, ಬಟ್ಟಲು ನೋಡುತ್ತಾರೆ, ಇನ್ನೊಂದು ಚಿಟಿಕೆ ಎಂದು ಬೋರಲು ಹಾಕುತ್ತಾರೆ. ಬಟ್ಟಲಲ್ಲಿ ಯಾವತ್ತೂ ಒಂದು ಕಾಳೂ ಉಳಿದಿಲ್ಲ.

ಈಗ ಒಂದು ದಿನಕ್ಕೆ ಯಂತ್ರ ಮೂರು ಸಲ ತುಂಬುತ್ತದೆ. ಪ್ರತಿ ಸಲವೂ ತೂಕ ಹೊಸದಾಗಿಯೇ ನೋಡಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹಾಲು ತುಸು ಕಡಿಮೆ. ಬೀದಿಯ ಹೆಂಗಸರು ಮನೆಯ ಕೇಕಿನ ಅಳತೆ ಹಿಡಿದು ಬರುತ್ತಾರೆ. "ಎಣ್ಣೆ ಒಂದು ಕಪ್ಪು, ಜೇನು ಒಂದು ಕಪ್ಪು, ಎರಡೂ ಒಂದೇ ತೂಕ ತಾನೇ?" ಎಂದರೆ ತಕ್ಕಡಿಯಮ್ಮ ಎರಡನ್ನೂ ತಕ್ಕಡಿಗೆ ಹಾಕಿ ತೋರಿಸುತ್ತಾರೆ. ಎಣ್ಣೆ ನೀರಿಗಿಂತ ಹಗುರ, ಜೇನು ನೀರಿಗಿಂತ ಭಾರ. ಬಂದವರು ಹುಬ್ಬೇರಿಸಿ, ಅಂಕಿ ಬರೆದುಕೊಂಡು, ಹೋಗುವಾಗ ಬಾಗಿಲಲ್ಲಿ ನಿಂತು "ಬನ್ನಿನಕ್ಕಾ, ಕೇಕಿಗೂ ನಿಮ್ಮ ಕೈಗುಣ ಸ್ವಲ್ಪ ಕೊಡಿ" ಎನ್ನುತ್ತಾರೆ.

"ಆಗ ಅವರನ್ನೇ ಎತ್ತಿ ತಕ್ಕಡಿಗೆ ಹಾಕೋಣ ಅನ್ಸುತ್ತೆ."

ಕಳೆದ ತಿಂಗಳು ಅಕ್ಕನ ಭುಜಕ್ಕೆ ಆಪರೇಷನ್ ಆಯಿತು. ಬನ್ನು ಹೋಗುವ ಅದೇ ಆಸ್ಪತ್ರೆಯಲ್ಲಿ. ಅಕ್ಕ ಮಲಗಿದ ಮೊದಲ ಬೆಳಿಗ್ಗೆ ತಕ್ಕಡಿಯಮ್ಮ ಎಲ್ಲವನ್ನೂ ತೂಗಿದರು. ಉಪ್ಪಿನ ಬಟ್ಟಲು ಕಟ್ಟೆಯ ತುದಿಯಲ್ಲಿ ಇಟ್ಟು ಅಭ್ಯಾಸಬಲದಿಂದ ಕಾದರು. ಬರುವವರು ಯಾರೂ ಇರಲಿಲ್ಲ. ತಾವೇ ಸುರಿದರು. ಇಷ್ಟು ವರ್ಷ ಕಾದ ದಿನ ಅದು: ಅಕ್ಕನ ಬೆರಳು ಸೋಕದ ಬನ್ನು.

ಬಂಗಾರದ ಬಣ್ಣಕ್ಕೆ ತಿರುಗಿ, ಮೇಲೆ ಒತ್ತಿದರೆ ಮೆಲ್ಲಗೆ ಏಳುವ ಬನ್ನು ಒಲೆಯಿಂದ ಬಂತು. ದರ್ಜಿ ಕಚ್ಚಿದರು. ಕಣ್ಣು ಮುಚ್ಚಿದರು. ತಕ್ಕಡಿಯಮ್ಮ ಗಾಜಿನ ಕಪಾಟಿನ ಮೇಲೆ ಮುಂದಕ್ಕೆ ಬಾಗಿದರು.

"ಅಕ್ಕ ಆಸ್ಪತ್ರೆಯಿಂದ ಯಾವಾಗ ಬಂದ್ಲು?" ಎಂದರು ದರ್ಜಿ.

ಅಕ್ಕ ಬಂದಿಲ್ಲ, ನಾನೇ ಮಾಡಿದ್ದು, ಎಲ್ಲ ತೂಕ ಎಂದು ಇವರು ಹೇಳಿದರು. ದರ್ಜಿ ನಂಬಲಿಲ್ಲ. "ಹಿಂದಿನ ದಿನಾನೇ ಕಲಸಿಟ್ಟು ಹೋಗಿರ್ತಾಳೆ ಬಿಡು. ಬನ್ನು ಅಳತೆಗೆ ಸಿಗೋ ವಸ್ತು ಅಲ್ಲಮ್ಮಾ." ದಿನವಿಡೀ ಕೊರಳಲ್ಲಿ ಅಳತೆಯ ಟೇಪು ನೇತು ಹಾಕಿಕೊಂಡಿರುವ ಮನುಷ್ಯ ಹೇಳಿದ ಮಾತು ಇದು.

ಎಷ್ಟು ಸರಿಯಾಗಿ ತೂಗಿದರೋ ಅಷ್ಟು ಸರಿಯಾಗಿ ಇವರು ಕಾಣೆಯಾಗಿದ್ದರು. ಮೊಣಕೈಯೂ ಉಳಿದಿರಲಿಲ್ಲ. ಉರಿದುಕೊಂಡು ನಾಲ್ಕು ಬನ್ನು ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ನಡೆದರು. ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಯಾರು ಮಾಡಿದ್ದೆಂದು ಕೇಳುವ ಅಗತ್ಯ ಅವರಿಗಿರಲಿಲ್ಲ. ಇಡೀ ಲೋಕದಲ್ಲಿ ಅದನ್ನು ಅನುಮಾನವಿಲ್ಲದೆ ತಿಳಿದವರು ಅವರೊಬ್ಬರೇ. ಎಡಗೈಯಲ್ಲಿ ಬನ್ನು ಮುರಿದರು, ಒಳಗಿನ ಎಳೆ ನೋಡಿದರು, ಮೂಸಿದರು, ನಿಧಾನಕ್ಕೆ ಅಗಿದರು. ಪೂರಾ ತಿಂದರು. ಕಿಟಕಿಯ ಕಡೆ ನೋಡುತ್ತ ಎರಡನೆಯದಕ್ಕೆ ಕೈ ಹಾಕಿದರು.

"ಉಪ್ಪು ಕಮ್ಮಿ ಕಣೇ" ಎಂದರು.

ತಕ್ಕಡಿಯಮ್ಮ ಈ ಮಾತನ್ನು ಹೇಳುವಾಗ ಮುಖ ಅರಳುತ್ತದೆ. "ಉಪ್ಪು ಒಂದು ಗ್ರಾಂ ಆಚೆ ಈಚೆ ಇರ್ಲಿಲ್ಲ. ಅದು ಅವಳಿಗೂ ಗೊತ್ತು. ಚೆನ್ನಾಗಿದೆ ಅಂದಿದ್ರೆ ನಂಗೆ ಅನುಮಾನ ಬರ್ತಿತ್ತು, ಎಲ್ಲೋ ತಪ್ಪಿದೀನಿ, ಕನಿಕರಕ್ಕೆ ಹೇಳ್ತಿದ್ದಾಳೆ ಅಂತ. ಕಮ್ಮಿ ಅಂದ್ಲು ನೋಡಿ, ಆಗ ಗೊತ್ತಾಯ್ತು. ನನ್ನ ಹೊಟ್ಟೇಲಿ ಇಷ್ಟು ವರ್ಷ ಉರಿದಿದ್ದು ಅವತ್ತು ಅವಳ ಹೊಟ್ಟೇಲಿ ಉರೀತಿತ್ತು. ತೂಕ ಸರಿಯಾಗಿತ್ತು."

"ಕಮ್ಮಿನೇ ಇತ್ತು" ಎನ್ನುತ್ತಾರೆ ಸ್ಟೂಲಿನ ಮೇಲಿನವರು.

"ನಾಲ್ಕೂ ತಿಂದ್ಯಲ್ಲಾ ಅಕ್ಕಾ."

"ಆಸ್ಪತ್ರೆ ಊಟ ಸಪ್ಪೆ. ಹಸಿವಾಗಿತ್ತು."

ಆ ಹೊತ್ತಿಗೆ ಮೊದಲ ಟ್ರೇ ಒಲೆಯಿಂದ ಹೊರಗೆ ಬರುತ್ತದೆ. ಬಿಸಿಗೆ ಕೋಣೆಯ ಗಾಜೆಲ್ಲ ಮಬ್ಬಾಗುತ್ತದೆ. ಈ ಬರಹಕ್ಕಾಗಿ ಪತ್ರಿಕೆಯಿಂದ ಜೊತೆಗೆ ಬಂದ ಛಾಯಾಗ್ರಾಹಕ ಕ್ಯಾಮೆರಾ ಒರೆಸಿಕೊಂಡು, ಯಾರನ್ನು ಎಲ್ಲಿ ನಿಲ್ಲಿಸಲಿ ಎಂದು ಕೇಳುತ್ತಾನೆ. ತಕ್ಕಡಿಯಮ್ಮ ತಲೆಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾರೆ. ತಕ್ಕಡಿಯನ್ನು ನಡುವಿಗೆ ಎಳೆಯುತ್ತಾರೆ. ಅಂಕಿ ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡುತ್ತಾರೆ. ಆಮೇಲೆ ಅಕ್ಕನ ಸ್ಟೂಲನ್ನು, ಅದರ ಮೇಲೆ ಅಕ್ಕ ಕೂತಿರುವಂತೆಯೇ, ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ತಳ್ಳುತ್ತಾರೆ. ಅಕ್ಕ ಎಡಗೈಯಲ್ಲಿ ಕಟ್ಟೆ ಹಿಡಿದುಕೊಂಡು ಸರಿಯುತ್ತಾರೆ.

"ಅಕ್ಕ ಪೂರ್ತಿ ಆಚೆ ಹೋಗೋದು ಬೇಡ" ಎಂದು ತಕ್ಕಡಿಯಮ್ಮ ಛಾಯಾಗ್ರಾಹಕನಿಗೆ ಹೇಳುತ್ತಾರೆ. "ಮೊಣಕೈ ಬರ್ಲಿ. ಅಷ್ಟೇ, ಜಾಸ್ತಿ ಬೇಡ."